ಎರಡು ತಪ್ಪಿನವರೆಗೆ

ತಿತಿಮತಿಯಲ್ಲಿ ಏಳೂವರೆಗೆ ಹತ್ತುತ್ತಿದ್ದರು.
ಬಾಯಿ ತೆರೆಯುವ ಮೊದಲೇ ಹರಿದಿರುತ್ತಿದ್ದೆ
ಪೊನ್ನಂಪೇಟೆಯ ಚೀಟಿ.
ಚಿಲ್ಲರೆ ಎಣಿಸಿ ಕೊಟ್ಟು, ಡ್ರೈವರನ ಹಿಂದಿನ ಸೀಟಿನಲ್ಲಿ
ಮಡಿಲ ತುಂಬ ಕಾಗದ ಹರಡುತ್ತಿದ್ದರು:
ಸೊನ್ನೆ ಒಂದು, ಒಂದು ಸೊನ್ನೆ, ಇರುವೆ ಸಾಲು.
ರಸ್ತೆ ಗುಂಡಿಗೆ ಕೆಂಪು ಪೆನ್ಸಿಲು ಎಗರಿ
ಎಷ್ಟೋ ಇರುವೆಗಳ ಮೇಲೆ ಗೀಟು.

ನಾನು ಮೊಯ್ದು, ಕುಟ್ಟದ ಬಸ್ಸಿನ ಕಂಡಕ್ಟರು.
ಇಂಜಿನಿಯರಿಂಗ್ ಕಾಲೇಜಿನ ಗೇಟು ದಾಟಿದವನಲ್ಲ.
ದೇಚಮ್ಮ ಮೇಡಂ ಅಲ್ಲಿ ಏನು ಮಾಡುತ್ತಾರೆಂದು
ಹನ್ನೊಂದು ವರ್ಷ ಕೇಳಲೂ ಇಲ್ಲ.

ಒಂದು ಸೋಮವಾರ ಅವರಿಗೆ ಶ್ರೀಮಂಗಲದಲ್ಲಿ ಸಾವಿನ ಮನೆ.
ನಾನಾಗಲೇ ಹರಿದಿದ್ದೆ.
"ತಪ್ಪಿತಲ್ಲ ಮೊಯ್ದು," ಅಂದರು, ಮೊದಲ ಸಲ ಮುಖ ನೋಡಿ,
"ನಾಳೆ ಯಾವುದು ಹರಿಯುತ್ತೀಯ?"
ಪೊನ್ನಂಪೇಟೆಯೇ, ಇನ್ನೇನು.
ಒಂದು ದಿನ ತಪ್ಪಿದರೆ ದಾರಿಯೇ ಬದಲಾಯಿತೇ?
"ನಾಳೆಯೂ ತಪ್ಪಿದರೆ?"
ಆಗ ಕೇಳುತ್ತೇನೆ, ಎಲ್ಲಿಗೆ ಅಂತ.

ಪೆನ್ಸಿಲು ಕಿವಿಗೆ ಸಿಕ್ಕಿಸಿ ಜೋರಾಗಿ ನಕ್ಕರು,
ಇಡೀ ಬಸ್ಸು ತಿರುಗಿ ನೋಡಿತು.
"ಎರಡು ಬಿಟ್ಟು ಸಾಕಾಯಿತಲ್ಲೋ ನಿನ್ನ ತಲೆಗೆ!
ಇದನ್ನೇ ನಾನು ಬೋರ್ಡಿನ ಮೇಲೆ ಒಂದು ವಾರ ಎಳೆಯುತ್ತೇನೆ.
ನಾನು ಕಂಡುಹಿಡಿದದ್ದಲ್ಲ, ನಾನು ಲಂಗ ತೊಡುತ್ತಿದ್ದ ಕಾಲದ್ದು."

ಗೋಣಿಕೊಪ್ಪ ದಾಟುವವರೆಗೆ ಹೇಳಿದರು:
ಪ್ರೊಸೆಸರಿಗೆ ಕವಲಿನಲ್ಲಿ ನಿಂತು ಯೋಚಿಸಲು ಪುರುಸೊತ್ತಿಲ್ಲ.
ಈ ಕಡೆ ಎಂದು ಊಹಿಸಿ ನುಗ್ಗಬೇಕು.
ಊಹೆ ಸರಿಯಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.
ತಪ್ಪಿದರೆ ಮಾಡಿದ್ದನ್ನೆಲ್ಲ ಚೆಲ್ಲಿ
ಕವಲಿಗೇ ವಾಪಸ್ಸು.
"ಬಸ್ಸಿಗೆ ರಿವರ್ಸು ಅಷ್ಟು ಸಲೀಸಲ್ಲ ಮೇಡಂ," ಅಂದೆ.
"ಅದಕ್ಕೂ ಅಲ್ಲ," ಅಂದರು.

ಅವರ ಕೆಲಸ ಇಷ್ಟೇ:
ಯಾವ ಕವಲನ್ನು ಎಷ್ಟು ನಂಬಬೇಕು,
ಯಾವುದಕ್ಕೆ ಎಷ್ಟು ತಪ್ಪು ಮಾಫಿ.
ನೂರಕ್ಕೆ ತೊಂಬತ್ತನಾಲ್ಕು ಸರಿಯಿದ್ದದ್ದನ್ನು
ತೊಂಬತ್ತನಾಲ್ಕೂವರೆ ಮಾಡುವಷ್ಟರಲ್ಲಿ
ಜಡೆ ಬೆಳ್ಳಗಾಯಿತು.
ಬರೀ ಅರ್ಧವೇ? ಅಂದುಬಿಟ್ಟೆ.
"ಸೆಕೆಂಡಿಗೆ ಎಷ್ಟು ಕೋಟಿ ಕವಲು, ಗೊತ್ತೇನೋ?"
ನನಗೆ ಗೊತ್ತಿದ್ದದ್ದು ಗೋಣಿಕೊಪ್ಪದ್ದು ಒಂದೇ.

ರಾತ್ರಿಯಿಡೀ ಓಡುವ ಪರೀಕ್ಷೆ, ನಡುರಾತ್ರಿ ಕರೆಂಟು ಹೋದರೆ
ಬೆಳಿಗ್ಗೆ ಮತ್ತೆ ಮೊದಲಿಂದ.
ಹಾಗೆ ಹದಿನಾಲ್ಕು ತಿಂಗಳು.
ಆಮೇಲೆ ಒಂದು ಗುರುವಾರ ಕಾಗದ ಬಿಚ್ಚಲೇ ಇಲ್ಲ.
ಪೊನ್ನಂಪೇಟೆ ಬಂತು, ವಿಸಿಲ್ ಊದಿದೆ, ಏಳಲಿಲ್ಲ.
ಶ್ರೀಮಂಗಲ. ಕುಟ್ಟ. ಬಸ್ಸು ಖಾಲಿ.
ಎಲ್ಲಿಯೋ ಯಾರೋ ಇದೇ ಲೆಕ್ಕವನ್ನು
ಮೂರು ವಾರ ಮೊದಲೇ ಅಚ್ಚು ಹಾಕಿಸಿದ್ದಾರಂತೆ.
ಇಂಜಿನ್ ಆರಿದ ಬಸ್ಸಿನಲ್ಲಿ ಕಂಬಿಗೆ ಹಣೆ ಒತ್ತಿ ಕೂತರು.
ಹೆಚ್ಚಿನ ಚಾರ್ಜು ಕೇಳಲಿಲ್ಲ ನಾನು. ಚಹಾ ತಂದೆ.
ಅರ್ಧ ಕುಡಿದು,
"ಚೆಲ್ಲಿಯಾಯಿತು, ಕವಲಿಗೆ ಬಿಡು," ಅಂದರು.
ಹತ್ತೂ ಮುಕ್ಕಾಲಿಗೆ ಅದೇ ಬಸ್ಸಿನಿಂದ ಪೊನ್ನಂಪೇಟೆಯಲ್ಲಿಳಿದು
ಕ್ಲಾಸಿಗೆ ತಡವಾಯಿತೆಂದು ಬಿರಬಿರನೆ ನಡೆದರು.

ನಾಲ್ಕು ವರ್ಷ ಬಿಟ್ಟು ಹೊಸ ಪ್ರಬಂಧ ತಂದು ತೋರಿಸಿದರು.
ಕೊನೆಯ ಪುಟ, ಇಂಗ್ಲಿಷು, ಸಣ್ಣ ಅಕ್ಷರ, ಧನ್ಯವಾದ ಹೇಳುವ ಜಾಗ.
ಅವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ.
ನನಗೆ ಹಾಗೊಂದು ಇಲ್ಲವೆಂದು ರೂಟನ್ನೇ ಮುಂದಿಟ್ಟಿದ್ದರು:
ತಿತಿಮತಿ-ಕುಟ್ಟ ಮೊಯ್ದು.
ಅದು ಬೀವಿಯ ಪೆಟ್ಟಿಗೆಯಲ್ಲಿ, ರೇಷನ್ ಕಾರ್ಡಿನ ಜೊತೆ ಇದೆ.

ಹೋದ ವರ್ಷ ರಿಟೈರಾದರು.
ಈಗ ವಿರಾಜಪೇಟೆಯ ಕಡೆ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳುತ್ತಾರಂತೆ.
ಬೇರೆ ಬಸ್ಸು, ಬೇರೆ ಕಂಡಕ್ಟರು.
ಎರಡು ತಪ್ಪಿಗೆ ಕಲಿಯಬೇಕಿತ್ತು ನಾನು.
ನಲವತ್ತು ದಾಟಿತು.
ತಿತಿಮತಿಯ ಕಂಬ ಕಂಡರೆ ಹೆಬ್ಬೆರಳು ತಾನಾಗಿ ಹೋಗಿ
ಪೊನ್ನಂಪೇಟೆ ಹರಿಯುತ್ತದೆ.
ಸಂಜೆ ಲೆಕ್ಕ ಒಪ್ಪಿಸುವಾಗ ಆ ದುಡ್ಡು ನನ್ನ ಕಿಸೆಯಿಂದ.
ಓನರು ಒಮ್ಮೆ ಎಣಿಸಿ, ಒಮ್ಮೆ ನನ್ನನ್ನು ನೋಡಿ
ಪುಸ್ತಕ ಮುಚ್ಚುತ್ತಾರೆ.